ಬೋರಮ್ಮ ಒಪ್ಪಬೇಕು

ಮಂಡಿ ಮೊಹಲ್ಲಾದಲ್ಲಿ ಇನ್ನೂ ಯಾರೂ ಅಂಗಡಿ ತೆರೆದಿಲ್ಲ. ತಗಡಿನ ಶೆಡ್ಡಿನಲ್ಲಿ ಜಾಕಿನ ಮೇಲೆ ನಿಂತ ಹಳೇ ಹೆರಾಲ್ಡ್ ಕಾರಿನ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತವೆ. ಅವು ಮೆಕ್ಯಾನಿಕ್ ಹುಚ್ಚಣ್ಣನವರ ಕಾಲು. "ಕೂತ್ಕಳಿ, ಏಳಕ್ಕೆ ವಸಿ ಹೊತ್ತಾಯ್ತದೆ," ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದ ನನಗೆ. ಹೊತ್ತೇ ಆಗುತ್ತದೆ. ಒಂದು ಕೈ ಬಂಪರ್ ಹಿಡಿದು ಸುಧಾರಿಸಿಕೊಂಡ ಮೇಲಷ್ಟೇ ಮನುಷ್ಯ ಹೊರಬರುತ್ತಾರೆ.

ಊರ ತುಂಬ ಈಗ ಮಾರುತಿ, ಇಂಡಿಕಾ. ಅವುಗಳ ತಂಟೆಗೆ ಇವರು ಹೋಗುವುದಿಲ್ಲ. ಹಳೇ ಕಾರುಗಳ ಮುಂದಿನ ಚಕ್ರದ ಹಿಂದೆ ಸವೆದ ಭಾಗಗಳನ್ನು ಬಿಚ್ಚಿ, ಲೇತಿನಲ್ಲಿ ಹೊಸದು ಮಾಡಿಸಿ ಕೂರಿಸುವುದು ಇವರ ಕಸುಬು. ಹೆರಾಲ್ಡಿನಲ್ಲಿ ಚಕ್ರ ಹೊರುವ ಕಂಬದ ಬುಡಕ್ಕೆ ಸ್ಕ್ರೂವಿನ ಹಾಗೆ ಥ್ರೆಡ್ ಇರುವ ಕಂಚಿನ ತುಂಡೊಂದಿದೆ. ಅದಕ್ಕೆ ಗೇರ್ ಆಯಿಲ್ ಬಿಡಬೇಕು. ಜನ ಅಭ್ಯಾಸಬಲದಿಂದ ಗ್ರೀಸ್ ತುಂಬುತ್ತಾರೆ.

"ಗ್ರೀಸು ಒಳಕ್ಕೆ ಓಗಲ್ಲ ಸ್ವಾಮಿ, ಬಾಯಲ್ಲೇ ಗಟ್ಟಿಯಾಯ್ತದೆ. ಒಳಗೆ ಒಣಗಿ ಸವೀತದೆ. ಒಂದಿನ ತಿರುವಲ್ಲಿ ಚಕ್ರ ಮಡಚ್ಕಬುಡ್ತದೆ."

ಈ ಕಾರಿಗೂ ಅದೇ ಆಗುವುದರಲ್ಲಿತ್ತು. ಇದರ ಒಡತಿ, ನಿವೃತ್ತ ಶಿಕ್ಷಕಿ ಗಿರಿಜಾಂಬಾ, ಸಂಜೆ ಬರುತ್ತಾರೆ. ಹುಚ್ಚಣ್ಣನವರಿಗೆ ಇದೇ ಕೊನೆಯ ಗಾಡಿ. "ಮೊದ್ಲು ಚಕ್ರ ಅಲ್ಲಾಡಿಸಿದ್ರೆ ಎಲ್ಲಿ ಸಡಿಲ ಅದೆ ಅಂತ ಕೈಗೇ ತಿಳೀತಿತ್ತು. ಈಗ ಬೆರಳು ಜೋಮು ಹಿಡಿದವೆ. ಸಾಕಾಗೋಗದೆ. ಇದೊಂದು ಕೊಟ್ಬುಟ್ಟು ಬಾಗ್ಲು ಹಾಕ್ಬುಡ್ತೀನಿ."

ಕೊಡುವ ಮುಂಚೆ ಒಂದು ಪದ್ಧತಿಯಿದೆ. ಹೆಂಡತಿ ಬೋರಮ್ಮನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಿನಕಲ್‌ವರೆಗೆ ಹೋಗಿಬರಬೇಕು. "ನನ್ನ ಹೆಂಡ್ತೀನ ಕೂರಿಸಕ್ಕಾಗದ ಗಾಡೀನ ಇನ್ನೊಬ್ಬರಿಗೆ ಎಂಗೆ ಕೊಡೋದು?"

ನಿನ್ನೆ ಹೋದಾಗ ಬೋರಮ್ಮ, "ಎಡಗಡೆ ಇನ್ನೂ ಟಕ್ ಅಂತದೆ ಕಣ್ರೀ," ಅಂದರಂತೆ. ಇವರಿಗೆ ಕೇಳಿಸಲಿಲ್ಲ. "ಸುಮ್ನೆ ಕೂತ್ಕೊ ಅಂದ್ಬುಟ್ಟೆ. ಅಂಗೇ ಕೊಟ್ಬುಡಾನಾ ಅನ್ನಿಸ್ತು, ಸುಳ್ಳ್ಯಾಕೆ." ರಾತ್ರಿಯೆಲ್ಲ ಗಂಡ ಹೆಂಡತಿ ಮಾತಾಡಲಿಲ್ಲ. ಹುಚ್ಚಣ್ಣ ಬೆಳಿಗ್ಗೆ ಎದ್ದವರೇ ಚಕ್ರ ಮತ್ತೆ ಬಿಚ್ಚಿದ್ದಾರೆ. ಎಡಗಡೆಯ ಕೀಲಿನೊಳಗಿನ ಬಳೆ, ಒಂದು ಬುಷ್, ಸವೆದಿತ್ತು. ಅದನ್ನು ಬದಲಾಯಿಸಿ ಈಗ ಚಕ್ರ ಹಾಕುತ್ತಿದ್ದಾರೆ. ನಟ್ಟು ಬಿಗಿಯುವಷ್ಟರಲ್ಲಿ ನೋಡುತ್ತ ಕೂತ ನನಗೇ ಭುಜ ನೋಯುತ್ತದೆ.

ಮನೆಗೆಲಸ ಮುಗಿಸಿದ ಬೋರಮ್ಮ ಸೆರಗಿಗೆ ಕೈ ಒರೆಸುತ್ತ ಬಂದು, ಗಂಡನ ಮುಖ ನೋಡದೆ ಸೀಟಿನಲ್ಲಿ ಕೂರುತ್ತಾರೆ. ಹಿಂದೆ ನಾನು. ಗುಂಡಿಗಳಿಗೆ ನಮ್ಮ ರಸ್ತೆಯಲ್ಲಿ ಬರವೇನಿಲ್ಲ. ಹುಚ್ಚಣ್ಣ ಒಂದನ್ನೂ ತಪ್ಪಿಸದೆ ಇಳಿಸುತ್ತಾರೆ. ಹಿನಕಲ್ ಬರುತ್ತದೆ. ಗಾಡಿ ತಿರುಗುತ್ತದೆ. ಬೋರಮ್ಮನವರದು ಚಕಾರವಿಲ್ಲ.

"ಏನಮ್ಮಿ, ಈಗ?" ಎನ್ನುತ್ತಾರೆ ಹುಚ್ಚಣ್ಣ.

ಕೋಪ ಇನ್ನೂ ಇಳಿದಿಲ್ಲವೇನೋ ಎಂದುಕೊಂಡು ನಾನು ಮುಂದಕ್ಕೆ ಬಗ್ಗಿ ನೋಡುತ್ತೇನೆ. ಅಷ್ಟು ಗುಂಡಿ ಇಳಿದರೂ ಬೋರಮ್ಮ ಬಾಗಿಲಿಗೆ ತಲೆಯೊರಗಿಸಿ ಗಾಢ ನಿದ್ದೆಯಲ್ಲಿದ್ದಾರೆ. ಎಬ್ಬಿಸಲು ಕೈ ಚಾಚುತ್ತೇನೆ.

"ಬ್ಯಾಡ ಬುಡಿ," ಎನ್ನುತ್ತಾರೆ ಹುಚ್ಚಣ್ಣ ಮೆಲ್ಲಗೆ. ಶೆಡ್ಡಿಗೆ ತಿರುಗುವ ರಸ್ತೆ ಬಂದರೂ ನೇರ ಹೋಗುತ್ತಾರೆ. "ಮೇಡಮ್ಮೋರು ಬರೋದು ಸಂಜೆಗಲ್ವಾ. ಇನ್ನೊಂದು ಸುತ್ತು ಮಲಗಲಿ."