ಗಂಡನ ಹೆಸರು ಮತ್ತು ರಬ್ಬರ್ ಬಾತುಕೋಳಿ

ದೋಣಿಗಲ್‌ನಲ್ಲಿ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಡುಬು ತಿಂದವರಿಗೆಲ್ಲ ಸುಲೋಚನಮ್ಮನ ಬಾಯಿ ಗೊತ್ತು. ಲಾರಿ ಹಾರ್ನಿನ ಮೇಲೂ ಕೇಳುವ ಬಾಯಿ ಅದು. ಘಾಟಿ ಹತ್ತಿ ಬಂದ ಡ್ರೈವರುಗಳಿಗೆ ಬೈದುಕೊಂಡೇ ಹೊಟ್ಟೆ ತುಂಬ ಬಡಿಸುವವಳು. ಇಷ್ಟು ಮಾತಿನ ಮಲ್ಲಿಯ ಬಾಯಲ್ಲಿ ಮೂವತ್ತೆಂಟು ವರ್ಷದಿಂದ ಬಾರದ್ದು ಒಂದೇ, ಗಂಡನ ಹೆಸರು. ಯಾರಾದರೂ ಕೇಳಿದರೆ ಸೌಟಿನಿಂದ ಹೋಟೆಲಿನ ಬೋರ್ಡು ತೋರಿಸುತ್ತಿದ್ದಳು. "ಅಲ್ಲೇ ಬರ್ದೈತಲ್ಲ, ಓದ್ಕಳ್ರಿ!"

ಹೋದ ಮಾಗಿಯ ಒಂದು ಬೆಳಿಗ್ಗೆ ಆ ಬಾಯಿ ಹತ್ತು ನಿಮಿಷ ತೊದಲಿತು, ಬಲಗೈಯಿಂದ ಸೌಟು ಜಾರಿತು. ಆಮೇಲೆ ಎಲ್ಲ ಸರಿಹೋಯಿತು, ನಿಜ. ಆದರೆ ಮಂಗಳೂರಿನ ಡಾಕ್ಟರು ಬಿಡಲಿಲ್ಲ. ಮಿದುಳಿಗೆ ರಕ್ತ ಒಯ್ಯುವ ಕತ್ತಿನ ಎಡಗಡೆಯ ನಾಳದಲ್ಲಿ ಕೊಬ್ಬು ಕಟ್ಟಿದೆ, ತೆಗೆಯದಿದ್ದರೆ ಒಂದು ದಿನ ಮಾತೇ ಹೋಗಬಹುದು ಎಂದರು.

"ಕೊಬ್ಬು ತೆಗೆಯೋವರೆಗೂ ಆ ನಾಳವನ್ನ ಮುಚ್ಚಿಡಬೇಕಮ್ಮ. ಬೇರೆ ನಾಳಗಳ ರಕ್ತ ಮಿದುಳಿಗೆ ಸಾಲುತ್ತಾ ಅಂತ ನಿಮ್ಮಿಂದಲೇ ಗೊತ್ತಾಗಬೇಕು. ಕತ್ತು ಮಾತ್ರ ಮರಗಟ್ಟಿಸ್ತೀವಿ. ನೀವು ಎಚ್ಚರವಾಗಿದ್ದು ಮಾತಾಡ್ತಾ ಇರಿ, ಬಲಗೈಲಿ ಈ ರಬ್ಬರ್ ಬಾತುಕೋಳಿ ಅಮುಕ್ತಾ ಇರಿ. ಮಾತು ನಿಂತರೆ ಸಣ್ಣ ಕೊಳವೆ ಇಟ್ಟು ರಕ್ತ ಹರಿಸ್ತೀವಿ. ಅದರಲ್ಲೂ ಅಪಾಯ ಉಂಟು, ಬೇಕಾಗದಿದ್ದರೆ ಒಳ್ಳೇದು."

"ಮಾತಾಡೋದೂ ಒಂದು ಕೆಲ್ಸವೇನ್ರೀ!" ಎಂದಳು ಸುಲೋಚನಮ್ಮ.

ಆಪರೇಷನ್ ದಿನ ನಾಳ ಮುಚ್ಚಿದಾಗ ಅವಳು ಕಡುಬು ಮಾಡುವುದನ್ನು ಹೇಳುತ್ತಿದ್ದಳು. ಅಕ್ಕಿ ತರಿ ಬೆಂದು, ಉಂಡೆ ಕಟ್ಟಿ, ಹಬೆಗೆ ಇಡುವವರೆಗೂ ಬಾತುಕೋಳಿ ಕೀಚ್ ಕೀಚ್ ಎನ್ನುತ್ತಲೇ ಇತ್ತು. ಡಾಕ್ಟರು ನಡುವೆ ಕೇಳಿದರು, "ಮಗನ ಹೆಸರು?"

"ರೇವಂತ."

"ಯಜಮಾನರದ್ದು?"

ಮಾತಿಲ್ಲ. ಮುಜುಗರಕ್ಕೆ ಕೈಯೂ ಬಿಗಿದು ಬಾತುಕೋಳಿ ಸುಮ್ಮನಾಯಿತು.

"ಅಮ್ಮಾ, ಹೆಸರು ಹೇಳಿ!" ಡಾಕ್ಟರ ದನಿ ಬದಲಾಯಿತು. "ಕೊಳವೆ ಕೊಡಿ, ಬೇಗ."

ಸುಲೋಚನಮ್ಮನಿಗೆ ತೋರಿಸಲು ಇಲ್ಲಿ ಬೋರ್ಡೂ ಇಲ್ಲ. ನರ್ಸ್ ಚೈತ್ರಶ್ರೀ ದೋಣಿಗಲ್ ಕಡೆಯ ಆಲೂರಿನವಳು. ಅವಳಿಗೆ ಥಟ್ಟನೆ ಹೊಳೆಯಿತು. "ತಡೀರಿ ಸರ್!" ಎಂದವಳೇ ಬಗ್ಗಿ ಕೇಳಿದಳು, "ಅಮ್ಮಾ, ಹೆಸ್ರು ಮರ್ತೋಯ್ತಾ, ಇಲ್ಲಾ ನಾಚ್ಕೆನಾ? ಹೇಳ್ದಿದ್ರೆ ಸುಮ್ಸುಮ್ನೆ ಕೊಳವೆ ಹಾಕ್ಬುಡ್ತಾರೆ!"

"ಮರ್ಯೋ ಹೆಸ್ರೇನವ್ವ ಅದು?" ಎಂದಳು ಸುಲೋಚನಮ್ಮ. ಕಣ್ಣು ಮುಚ್ಚಿಕೊಂಡಳು. ಬಾತುಕೋಳಿಯನ್ನು ಹಿಂಡಿಹಾಕುವಂತೆ ಅಮುಕಿ, ಲಾರಿಗಳ ಸದ್ದಿನ ನಡುವೆ ಕೂಗುವ ದನಿಯಲ್ಲೇ ಕೂಗಿದಳು, "ಲಿಂಗಪ್ಪಾ!"

ಕೊಳವೆ ತಟ್ಟೆಗೆ ವಾಪಸು ಹೋಯಿತು. ಅಷ್ಟರಲ್ಲಿ ಎರಡು ಬಾಗಿಲ ಆಚೆಯಿಂದ, ನಗುವೋ ಅಳುವೋ ತಿಳಿಯದ ಗಂಡಸಿನ ದನಿಯೊಂದು ಓಗೊಟ್ಟಿತು, "ಬಂದೆ ಕಣೇ! ಬಂದೆ!"

ಸುಲೋಚನಮ್ಮನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು.

"ಅಳ್ತಾವ್ರೆ ಅನ್ಸುತ್ತೆ," ಎಂದಳು. "ಯಾರಾದ್ರೂ ಹೋಗಿ ಹೇಳ್ರಪ್ಪ, ನನ್ ಬಾಯಿ ಗಟ್ಟಿಯಾಗೇ ಐತೆ ಅಂತ."