ಗರಗಸದ ಕೆಳಗಿನ ಹಿಡಿ

ನಲ್ಲೂರಿನ ಹುಣಸೆ ತೋಪು ದಾಟಿ ಒಂದೂವರೆ ಮೈಲಿ ನಡೆದರೆ ದಾರಿಯ ಬಲಕ್ಕೆ ಹುಲ್ಲು ಹೊದಿಸಿದ ಉದ್ದನೆಯ ಕೊಟ್ಟಿಗೆ ಸಿಗುತ್ತದೆ. ಅದು ಮರಗೆಲಸದ ಕೊಟ್ಟಿಗೆ. ಇನ್ನೂ ಸೂರ್ಯ ಹುಟ್ಟಿಲ್ಲ. ಕೊಟ್ಟಿಗೆಯ ಮುಂದೆ ಆಳೆತ್ತರದ ಗುಂಡಿ, ಗುಂಡಿಗೆ ಅಡ್ಡಲಾಗಿ ಎರಡು ತೊಲೆ, ತೊಲೆಗಳ ಮೇಲೆ ಒಂದು ಜಾಲಿಯ ದಿಮ್ಮಿ. ದಿಮ್ಮಿಯ ಮೇಲೆ ಕಾಲಗಲಿಸಿ ನಿಂತ ಗಂಡಸು ಗರಗಸವನ್ನು ಎತ್ತುತ್ತಾನೆ. ಗುಂಡಿಯೊಳಗಿಂದ ಯಾರೋ ಅದನ್ನು ಕೆಳಕ್ಕೆ ಎಳೆಯುತ್ತಾರೆ. ಎಳೆದಾಗಲೆಲ್ಲ ಕೆಂಪು ಹೊಟ್ಟು ಉದುರುತ್ತದೆ.

ನಾನು ಅಂಚಿಗೆ ಹೋಗಿ ಬಗ್ಗಿ ನೋಡುತ್ತೇನೆ. ಕೆಳಗಿರುವುದು ಹೆಂಗಸು. ಸೀರೆಯನ್ನು ಕಚ್ಚೆ ಕಟ್ಟಿದ್ದಾರೆ. ತಲೆಯಿಂದ ಗಲ್ಲದವರೆಗೆ ಹಳೆಯ ಪಂಚೆಯ ತೆಳು ಬಟ್ಟೆಯನ್ನು ಸುತ್ತಿಕೊಂಡಿದ್ದಾರೆ, ಕಣ್ಣಿನ ಮೇಲೂ ಅದೇ ಬಟ್ಟೆ. ಅವರಿಗೆ ಕಾಣುವುದು ಬೆಳಕು ಮಾತ್ರ. ಗೆರೆ ನೋಡುವ ಕೆಲಸ ಮೇಲಿನವರದು, ಮರ ಕೊಯ್ಯುವ ಕೆಲಸ ಕೆಳಗಿನವರದು. ಗರಗಸದ ಹಲ್ಲು ಕಚ್ಚುವುದೇ ಕೆಳಕ್ಕೆ ಎಳೆದಾಗ.

ಇವರು ಪಿಳ್ಳಮ್ಮ. ವಯಸ್ಸು ಕೇಳಿದರೆ, "ಮೊದಲ್ನೇ ಯುದ್ಧದ ಜ್ವರದ ವರ್ಷ ದನ ಕಾಯ್ತಿದ್ದೆ ಅಂತಿದ್ಲು ನಮ್ಮವ್ವ" ಎನ್ನುತ್ತಾರೆ. ನಲವತ್ತರ ಆಚೆ ಈಚೆ ಇರಬಹುದು. ಆರು ವರ್ಷದಿಂದ ಈ ಗುಂಡಿಯಲ್ಲಿ ಗರಗಸ ಎಳೆಯುತ್ತಿದ್ದಾರೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಈ ಕೆಲಸ ಮಾಡುವ ಇನ್ನೊಬ್ಬ ಹೆಂಗಸಿನ ಹೆಸರನ್ನು ಯಾರೂ ನನಗೆ ಹೇಳಲಿಲ್ಲ.

ಮುಚ್ಚಿಡುವುದೇಕೆ, ನಾನು ಬಂದದ್ದು ಇವರ ಮೇಲೆ ಬರೆಯುವುದಕ್ಕಲ್ಲ. ಕೊಟ್ಟಿಗೆಯ ಯಜಮಾನರಾದ ಮೇಸ್ತ್ರಿ ಆದಿನಾರಾಯಣಪ್ಪನವರ ಮೇಲೆ ಪತ್ರಿಕೆಗೆ ಬರೆಯಲು ಬಂದೆ. ಅವರ ಗಾಡಿ ಚಕ್ರಕ್ಕೆ ಹೊಸಕೋಟೆಯವರೆಗೂ ಹೆಸರಿದೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಯುದ್ಧದ ಕಾಲದಲ್ಲಿ ದಂಡಿಗೆ ಪೆಟ್ಟಿಗೆ ಮಾಡಿಕೊಟ್ಟದ್ದಕ್ಕೆ ಕಂಟ್ರಾಕ್ಟರು ಬರೆದುಕೊಟ್ಟ ಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಾರೆ, ಅದನ್ನು ಇಳಿಸಿ ತೋರಿಸಿದರು. ಒಳಗೆ ಇಬ್ಬರು ಆಚಾರಿಗಳು ಬಾಚಿ ಹಿಡಿದು ಚಕ್ರದ ಅರೆಗಳನ್ನು ಕೆತ್ತುತ್ತಿದ್ದರು. ಗುಂಡಿಯ ಕಡೆ ಕೈ ತೋರಿಸಿ ಅದು ಯಾರು ಎಂದು ಕೇಳಿದೆ.

"ಅವ್ಳಾ? ಪಾಪ, ಗಂಡ ಇಲ್ಲೇ ಕೆಲಸ ಮಾಡ್ತಿದ್ದ. ಕುಡ್ದು ಸತ್ತ. ನಾನೇ ಕರ್ದು ಕೆಲಸ ಕೊಟ್ಟೆ" ಎಂದರು ಆದಿನಾರಾಯಣಪ್ಪ.

ಕಾಫಿ ಮುಗಿಸಿ ನಾನು ಗುಂಡಿಯ ಹತ್ತಿರ ಹೋದೆ. ಆಮೇಲೆ ಜಗಲಿಗೆ ಹಿಂತಿರುಗಲಿಲ್ಲ.

ಪಿಳ್ಳಮ್ಮನಿಗೆ ಲೆಕ್ಕ ಬಾಯಿಗೇ ಬರುತ್ತದೆ. ಆರಡಿಯ ಮಾವಿನ ದಿಮ್ಮಿಯಲ್ಲಿ ಒಂದು ಹಲಗೆ ಇಳಿಸಲು ಏಳುನೂರು ಚಿಲ್ಲರೆ ಎಳೆತ. ಜಾಲಿಯಾದರೆ ಅದರ ಎರಡರಷ್ಟು. ಮಾವಿನಲ್ಲಿ ದಿನಕ್ಕೆ ಆರು ಹಲಗೆ, ಜಾಲಿಯಲ್ಲಿ ಮೂರು. ಹಲಗೆಗೊಂದು ಸಲ ಗರಗಸಕ್ಕೆ ಹೊಂಗೆ ಎಣ್ಣೆ ಸವರಬೇಕು. ನಡುವೆ ಎರಡು ಸಲ ಮೇಲೆ ಬಂದು ನೀರು ಕುಡಿಯುತ್ತಾರೆ. ಎಣಿಸುವುದು ಏಕೆ ಎಂದು ಕೇಳಿದೆ.

"ಎಣಿಸ್ತಾ ಇದ್ರೆ ಬ್ಯಾರೆ ಏನೂ ಗ್ಯಾನಕ್ಕೆ ಬರಲ್ಲ ಸ್ವಾಮಿ."

ಅಂಗೈ ತೋರಿಸಿ ಎಂದರೆ ಸುಮ್ಮನೆ ಚಾಚುತ್ತಾರೆ. ಬೆರಳಿನ ಬುಡದಲ್ಲಿ ನಾಲ್ಕು ಜಡ್ಡು, ಹುಣಸೆ ಬೀಜದಷ್ಟು ಗಟ್ಟಿ. ಎಡಗಣ್ಣಿನಲ್ಲಿ ಪೊರೆಯಂತೆ ಬಿಳಿ ಬಂದಿದೆ. ಬಟ್ಟೆ ಕಟ್ಟಿದರೂ ಹೊಟ್ಟು ಹೋಗುತ್ತದೆ. ಬೇವಿನ ಮರ ಕೊಯ್ದ ದಿನ ರಾತ್ರಿಯೆಲ್ಲ ಕೆಮ್ಮು. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ದೂರು ಇಲ್ಲ. ದೂರು ಇರುವುದು ಬೇರೆ ಕಡೆ. ಅದು ಬರಲು ಮಧ್ಯಾಹ್ನವಾಯಿತು.

ಪಿಳ್ಳಮ್ಮನ ಗಂಡ ಹನ್ನೊಂದು ವರ್ಷ ಇದೇ ಗುಂಡಿಯಲ್ಲಿ ಕೆಳಗಿನ ಹಿಡಿ ಹಿಡಿದವರು. ಮೇಲೆ ನಿಲ್ಲುತ್ತಿದ್ದವರು ಈಗಲೂ ನಿಲ್ಲುವ ಬೈಲಪ್ಪನೇ. ಇಬ್ಬರೂ ಒಂದೇ ಕೇರಿಯವರು. ಬೈಲಪ್ಪ ಇವರ ಮನೆಯಲ್ಲಿ ಉಣ್ಣುತ್ತಿದ್ದರು, ಪಿಳ್ಳಮ್ಮನನ್ನು ಅತ್ತಿಗೆ ಎನ್ನುತ್ತಿದ್ದರು.

ನಲವತ್ತೆರಡನೆಯ ಇಸವಿಯಲ್ಲಿ ದಂಡಿನ ಪೆಟ್ಟಿಗೆಗಳ ಆರ್ಡರು ಬಂತು. ಮಾವಿನ ಹಲಗೆ ಎಷ್ಟು ಕೊಯ್ದರೂ ಸಾಲದು. ಯುದ್ಧಕ್ಕೆಂದು ಕಬ್ಬಿಣದ ಬೆಲೆಯೂ ಏರಿತು. ದಿಮ್ಮಿ ಉರುಳದಂತೆ ತೊಲೆಗೆ ಬಿಗಿಯಲು ಅಲ್ಲಿಯವರೆಗೆ ಕಬ್ಬಿಣದ ಸರಪಣಿ ಇತ್ತು. ಆದಿನಾರಾಯಣಪ್ಪ ಅದನ್ನು ಮಾರಿ, ಅದರ ಬದಲಿಗೆ ತಮ್ಮ ಬಾವಿಯಲ್ಲಿ ನೀರೆತ್ತುವ ಹಳೆಯ ಕಪಿಲೆ ಹಗ್ಗ ತಂದು ಕೊಟ್ಟರು. ಎಷ್ಟೋ ವರ್ಷ ಎತ್ತುಗಳು ಜಗ್ಗಿ, ನೀರಿನಲ್ಲಿ ನೆಂದು, ಬಿಸಿಲಿನಲ್ಲಿ ಒಣಗಿದ ಹಗ್ಗ.

"ಮನೇಗ್ ಬಂದು ಹೇಳೋರು ನಮ್ಮೋರು" ಎನ್ನುತ್ತಾರೆ ಪಿಳ್ಳಮ್ಮ. "ಎಳೆ ಎಳೆ ಬಿಡ್ತಾ ಐತೆ ಕಣೆ, ಇವತ್ತು ಹೇಳ್ದೆ ಮೇಸ್ತ್ರಿಗೆ ಅನ್ನೋರು. ಏನಂದ್ರು ಅಂತ ಕೇಳಿದ್ರೆ, ಈ ಆರ್ಡರ್ ಮುಗೀಲಿ ಅಂದ್ರು ಅನ್ನೋರು. ಎರಡು ತಿಂಗಳು ಹಂಗೇ ಅಂದ್ರು."

ನಲವತ್ಮೂರರ ಮಾಘ ಮಾಸದ ಒಂದು ಬೆಳಿಗ್ಗೆ, ಅರ್ಧ ಕೊಯ್ದಿದ್ದ ಮಾವಿನ ದಿಮ್ಮಿಯನ್ನು ಮುಂದಕ್ಕೆ ಸರಿಸುವಾಗ ಹಗ್ಗ ಹರಿಯಿತು. ದಿಮ್ಮಿಯ ಒಂದು ತುದಿ ತೊಲೆಯಿಂದ ಜಾರಿ ಗುಂಡಿಗೆ ಬಿತ್ತು. ಕೆಳಗಿದ್ದವರ ಎದೆಯ ಮೇಲೆ ಬಿತ್ತು. ಮನೆಯಲ್ಲಿ ಹಿಟ್ಟು ಬೀಸುತ್ತಿದ್ದ ಪಿಳ್ಳಮ್ಮ ಓಡಿ ಬರುವಷ್ಟರಲ್ಲಿ ಆರು ಜನ ಸೇರಿ ದಿಮ್ಮಿ ಎತ್ತಿದ್ದರು. ಜೀವ ಇರಲಿಲ್ಲ.

ಮಧ್ಯಾಹ್ನ ದೇವನಹಳ್ಳಿಯಿಂದ ಪೊಲೀಸರು ಬಂದರು. ಮಹಜರು ಬರೆದರು. ಪಂಚರು ಹೆಬ್ಬೆಟ್ಟು ಒತ್ತಿದರು, ಕಣ್ಣಾರೆ ಕಂಡವನೆಂದು ಬೈಲಪ್ಪನೂ ಒತ್ತಿದರು. ಕೊನೆಗೆ ಕಾಗದವನ್ನು ಪಿಳ್ಳಮ್ಮನ ಮುಂದೆ ಹಿಡಿದರು.

"ಒತ್ತವ್ವ, ಒತ್ತಿದ್ರೆ ಹೆಣ ಬಿಟ್ಕೊಡ್ತಾರೆ, ಇಲ್ಲಾಂದ್ರೆ ದೇವನಹಳ್ಳಿಗೆ ತಕ್ಕೊಂಡೋಗಿ ಕುಯ್ತಾರೆ ಅಂದ್ರು. ನಂಗೇನ್ ಗೊತ್ತು? ಮಗಳು ಅಳ್ತಾ ಇತ್ತು. ಒತ್ತಿದೆ."

ಹನ್ನೆರಡನೆಯ ದಿನದ ತಿಥಿ ಮುಗಿಯಿತು. ಪೆಟ್ಟಿಗೆಗಳ ಗಡುವು ಹತ್ತಿರ ಬಂದಿತ್ತು. ಸೀಮೆಯ ಗಟ್ಟಿಮುಟ್ಟಾದ ಗಂಡಸರೆಲ್ಲ ಬೆಂಗಳೂರಿನ ಯುದ್ಧದ ಕೂಲಿಗೆ ಹೋಗಿದ್ದರು. ಕೆಳಗಿನ ಹಿಡಿ ಹಿಡಿಯಲು ಯಾರೂ ಸಿಗಲಿಲ್ಲ. ಆದಿನಾರಾಯಣಪ್ಪ ಪಿಳ್ಳಮ್ಮನಿಗೆ ಹೇಳಿ ಕಳಿಸಿದರು. ಮನೆಯಲ್ಲಿ ರಾಗಿ ಮುಗಿದಿತ್ತು. ಹದಿಮೂರನೆಯ ದಿನ ಅವರು ಗುಂಡಿಗೆ ಇಳಿದರು.

ತೊಲೆಯ ಮೇಲೆ ಇದ್ದದ್ದು ಅದೇ ದಿಮ್ಮಿ, ಅರ್ಧ ಕೊಯ್ದದ್ದು.

"ಇನ್ನರ್ಧ ನಾನೇ ಕುಯ್ದೆ" ಎಂದರು ಪಿಳ್ಳಮ್ಮ. "ಒಂದು ಕಡೆ ಕಲೆ ಇತ್ತು. ಆಚಾರಿ ಉಜ್ಜುಗೊರಡು ಹಾಕಿ ತೆಗ್ದ. ಪೆಟ್ಟಿಗೆಗೆ ಹೊಡುದ್ರು. ಅದು ಯಾವ ದೇಶಕ್ಕೆ ಹೋಯ್ತೋ."

ಈಗ ದಿಮ್ಮಿಯನ್ನು ಬಿಗಿದಿರುವುದು ಸರಪಣಿ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು ಪಿಳ್ಳಮ್ಮ, "ನಮ್ಮೋರು ಹೋದ ಮರುವಾರ ಮೇಸ್ತ್ರಿ ತಂದ್ರು" ಎಂದರು.

ಮೊದಲ ತಿಂಗಳು ಅಂಗೈ ಒಡೆದು ಹಿಡಿಯೆಲ್ಲ ಅಂಟುತ್ತಿತ್ತಂತೆ. ದಾರಿಹೋಕರು ನಿಂತು ನೋಡಿ ನಗುತ್ತಿದ್ದರಂತೆ. ಬೈಲಪ್ಪ ಮೇಲಿಂದ, "ನಿಧಾನ ಅತ್ತಿಗೆ, ಭುಜದಲ್ಲಿ ಎಳೀಬ್ಯಾಡ, ಸೊಂಟದಲ್ಲಿ ಎಳಿ" ಎಂದು ಕಲಿಸಿಕೊಟ್ಟರಂತೆ. ಮೂರು ವರ್ಷ ಹಾಗೆ ನಡೆಯಿತು.

ನಲವತ್ತಾರರಲ್ಲಿ ಮಗಳು ಅಶ್ವತ್ಥಮ್ಮನಿಗೆ ಹೊಸಕೋಟೆಯ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಎರಡು ಎಕರೆ ಹೊಲ, ಒಳ್ಳೆಯ ಮನೆ. ಹುಡುಗನ ತಂದೆ ಊರ ದೇವತೆಯ ಗುಡಿಯ ಮುಂದೆ ಕುಳಿತು ಒಪ್ಪಿ ಹೋದರು. ವಾರ ಬಿಟ್ಟು ಒಬ್ಬರೇ ಬಂದು ಬಾಗಿಲ ಹೊರಗೇ ನಿಂತು ಹೇಳಿದರು: ಹೆಂಡ ಕುಡಿದು ಗುಂಡಿಗೆ ಬಿದ್ದು ಸತ್ತವನ ಮನೆಯ ಹೆಣ್ಣು ತಮಗೆ ಬೇಡ ಎಂದು. ಪಿಳ್ಳಮ್ಮ ಜಗಳಕ್ಕೆ ನಿಂತರು. ತಮ್ಮ ಗಂಡ ಹಬ್ಬದಲ್ಲೂ ಹೆಂಡ ಮುಟ್ಟಿದವರಲ್ಲ ಎಂದರು.

"ಸರ್ಕಾರಿ ಕಾಗದದಲ್ಲೇ ಐತಲ್ಲವ್ವ, ಕುಡ್ದ ಅಮಲಿನಲ್ಲಿ ಇಳ್ದ ಅಂತ" ಎಂದರಂತೆ ಆತ. "ನೀನೇ ಹೆಬ್ಬೆಟ್ಟು ಒತ್ತಿದ್ದೀಯ."

ಆ ದಿನದವರೆಗೆ ಪಿಳ್ಳಮ್ಮನಿಗೆ ಅದು ತಿಳಿದಿರಲಿಲ್ಲ.

ಅಶ್ವತ್ಥಮ್ಮನನ್ನು ಮಾರನೆಯ ವರ್ಷ ಹೊಸಕೋಟೆಯ ಆಚೆ, ಎರಡು ಮಕ್ಕಳಿದ್ದ ವಿಧುರನಿಗೆ ಕೊಟ್ಟರು. ಅವಳಿಗೆ ಹದಿನೇಳು, ಅವನಿಗೆ ನಲವತ್ತು. ಮಗಳು ತವರಿಗೆ ಬರುವುದು ಕಡಿಮೆ. ಬಂದರೂ ತಾಯಿಯ ಮುಖ ನೋಡಿ ಮಾತಾಡುವುದಿಲ್ಲ. "ಒತ್ತುವಾಗ ಏನು ಬರ್ದವ್ರೆ ಅಂತ ಕೇಳ್ಬಾರ್ದಾಗಿತ್ತಾ ಅವ್ವ ಅಂತು ಒಂದ್ಸಲ" ಎಂದು ಪಿಳ್ಳಮ್ಮ ಹೇಳುತ್ತಾರೆ. "ಅದು ಕೇಳಿದ್ದು ಸರಿಯಾಗೇ ಐತೆ."

ಕಾಗದದಲ್ಲಿದ್ದದ್ದು ತಿಳಿದ ದಿನದಿಂದ ಪಿಳ್ಳಮ್ಮ, ಅದಕ್ಕೆ ಹೆಬ್ಬೆಟ್ಟು ಒತ್ತಿದ್ದ ಬೈಲಪ್ಪನ ಜೊತೆ ಒಂದು ಮಾತೂ ಆಡಿಲ್ಲ. ಮೂರು ವರ್ಷದಿಂದ ಮಾತಿಲ್ಲದೆ ಒಂದೇ ಗರಗಸದ ಎರಡು ತುದಿ ಹಿಡಿದಿದ್ದಾರೆ. ಬೆಣೆ ಹೊಡೆಯಬೇಕಾದರೆ ಬೈಲಪ್ಪ ದಿಮ್ಮಿಯನ್ನು ಎರಡು ಸಲ ತಟ್ಟುತ್ತಾರೆ, ನಿಲ್ಲಿಸಬೇಕಾದರೆ ಪಿಳ್ಳಮ್ಮ ಹಿಡಿಯನ್ನು ಬಿಡುತ್ತಾರೆ. ಕೊಯ್ದ ಹಲಗೆ ಮಾತ್ರ ಒಂದು ನೂಲು ವಾರೆಯಾಗುವುದಿಲ್ಲ ಎನ್ನುತ್ತಾರೆ ಒಳಗಿನ ಆಚಾರಿಗಳು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬೈಲಪ್ಪ ಹೊಂಗೆ ಮರದ ಕೆಳಗೆ ಕುಳಿತು ಗರಗಸದ ಹಲ್ಲುಗಳಿಗೆ ಅರ ಹಾಕುತ್ತಿದ್ದರು. ಹೋಗಿ ಪಕ್ಕದಲ್ಲಿ ಕುಳಿತೆ. ಮಳೆ, ಬೆಳೆ, ರೇಷನ್ನು ಎಂದು ಮಾತಾಡಿದೆ. ಆಮೇಲೆ ಹಗ್ಗ ಹರಿದ ದಿನದ ಬಗ್ಗೆ ಕೇಳಿದೆ. ಅವರು ಅರ ನಿಲ್ಲಿಸಲಿಲ್ಲ.

"ಹೇಳ್ಬಾರ್ದು ಅಂತಿಲ್ಲ ಸ್ವಾಮಿ. ಯಾರೂ ಕೇಳ್ಲಿಲ್ಲ" ಎಂದರು. ಮತ್ತೆ ನಾಲ್ಕು ಹಲ್ಲು ಉಜ್ಜಿದರು. "ಹಗ್ಗ ಹರೀತು. ನಾನೇ ಮೇಲಿದ್ದೆ, ನಾನ್ ನೋಡ್ದೆ. ಪೊಲೀಸ್ನೋರು ಬರೋ ಹೊತ್ಗೆ ಮೇಸ್ತ್ರಿ ಹಗ್ಗಾನ ಒಲೆಗ್ ಹಾಕ್ಸಿದ್ರು. ನನ್ನ ಕರ್ದು, ಬೈಲಪ್ಪ, ಹಗ್ಗ ಅಂದ್ರೆ ಕೊಟ್ಟಿಗೆಗೆ ಬೀಗ ಬೀಳ್ತದೆ, ದಂಡಿನ ಕೆಲಸ ಹೋಗ್ತದೆ, ನಿನ್ನ ಮನೇಲಿ ಏಳು ಜನ ಅವ್ರೆ ಅಂದ್ರು. ಸತ್ತೋನು ವಾಪಸ್ ಬರ್ತಾನಾ ಅಂದ್ರು."

"ಕುಡಿದಿದ್ದ ಅಂತ ಹೇಳಿದಿರಾ?"

"ಹೇಳ್ದೆ."

"ಅವರು ಕುಡಿಯುತ್ತಿದ್ದರಾ?"

ಅರ ನಿಂತಿತು. "ನಾನ್ ಕುಡೀತೀನಿ ಸ್ವಾಮಿ. ಹೆಂಡದಂಗಡಿಯಿಂದ ನನ್ನನ್ನ ಎತ್ಕೊಂಡ್ ಬಂದು ಮನೆಗ್ ಬಿಡ್ತಿದ್ದೋನು ಅವನು."

ಪಿಳ್ಳಮ್ಮ ಗುಂಡಿಯ ಅಂಚಿನಲ್ಲಿ ಕುಳಿತು ಮುದ್ದೆ ಮುಗಿಸಿ ಕೈ ತೊಳೆಯುತ್ತಿದ್ದರು. ಬೈಲಪ್ಪ ಹೇಳಿದ್ದನ್ನು ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಗೊತ್ತು. ಆರು ವರ್ಷ ಆದ್ಮೇಲೆ ನಿಮ್ ಕೈಲಿ ಹೇಳವ್ನೆ. ಪೊಲೀಸ್ನೋರ್ ಕೈಲಿ ಹೇಳ್ಲಿಲ್ಲ, ನನ್ನ ಬೀಗರ ಕೈಲಿ ಹೇಳ್ಲಿಲ್ಲ."

ದೇವನಹಳ್ಳಿಗೆ ಹೋಗಿ ಕಾಗದ ತಿದ್ದಿಸಲು ನೋಡಿದಿರಾ ಎಂದು ಕೇಳಿದೆ. ಎರಡು ಸಲ ನಡೆದು ಹೋಗಿದ್ದರು. ಮೊದಲ ಸಲ ಗುಮಾಸ್ತರು ಇರಲಿಲ್ಲ. ಎರಡನೆಯ ಸಲ ಇದ್ದರು. ಮುಗಿದ ಮಹಜರನ್ನು ತಿದ್ದುವುದಿಲ್ಲ, ಹೆಬ್ಬೆಟ್ಟು ಒತ್ತಿದವಳೇ ಈಗ ಸುಳ್ಳು ಎಂದರೆ ನಿನ್ನ ಮೇಲೇ ಕೇಸು ಎಂದರಂತೆ.

"ಹಾಗಾದರೆ ಇಲ್ಲೇ ಏಕೆ ಕೆಲಸ ಮಾಡುತ್ತೀರಿ?"

"ಇನ್ನೆಲ್ಲಿ ಮಾಡ್ಲಿ? ಕಳೆ ಕೀಳೋಕೆ ಕರೀತಾರೆ, ವರ್ಷಕ್ಕೆ ಎರಡು ತಿಂಗಳು. ಇದು ದಿನಾ ಐತೆ." ಕೈಯ ನೀರನ್ನು ಸೆರಗಿಗೆ ಒರೆಸಿಕೊಂಡು, "ನಾನು ಬಿಟ್ಟೋದ್ರೆ ಮೇಸ್ತ್ರಿಗೆ ಆರಾಮು. ದಿನಾ ಬೆಳಿಗ್ಗೆ ನನ್ನ ಮುಖ ನೋಡ್ಲಿ" ಎಂದರು.

ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದೆ.

"ನನ್ನ ಬಗ್ಗೆ ಏನೂ ಬ್ಯಾಡ. ಹೆಂಗಸು ಗರಗಸ ಎಳೀತಾಳೆ ಅಂತ ಬರುದ್ರೆ ಇನ್ನಷ್ಟು ಜನ ನೋಡಕ್ ಬರ್ತಾರೆ. ಅವರ ಬಗ್ಗೆ ಬರೀರಿ. ಕುಡೀತಿರ್ಲಿಲ್ಲ ಅಂತ ಅದೊಂದು ಬರೀರಿ. ಕಾಗದದಲ್ಲಿ ಬರೆದಿದ್ದಕ್ಕೆ ಉತ್ರ ಕಾಗದದಲ್ಲೇ ಇರ್ಲಿ."

ಅವರ ಹೆಸರೇನು ಎಂದು ಕೇಳಿದೆ. ಪಿಳ್ಳಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಗಂಡನ ಹೆಸರನ್ನು ಹೆಂಡತಿ ಹೇಳುವ ವಾಡಿಕೆ ನಮ್ಮ ಕಡೆ ಇಲ್ಲ, ನಾನು ಅದನ್ನು ಮರೆತಿದ್ದೆ. ಅವರು ಎದ್ದು ನಿಂತು ಹೊಂಗೆ ಮರದ ಕಡೆ ತಿರುಗಿದರು.

"ಬೈಲಪ್ಪ" ಎಂದು ಕೂಗಿದರು.

ಮೂರು ವರ್ಷದ ಮೇಲೆ ಆ ಬಾಯಿಂದ ತನ್ನ ಹೆಸರು ಕೇಳಿ ಬೈಲಪ್ಪ ಗರಗಸವನ್ನು ಬದಿಗಿಟ್ಟು ಎದ್ದರು.

"ಅವರ ಹೆಸರು ಹೇಳು ಈ ಸ್ವಾಮೇರಿಗೆ. ಅವತ್ತು ಎಲ್ಲರ ಮುಂದೆ ಹೇಳಿದ್ಯಲ್ಲ, ಹಂಗೇ ಹೇಳು."

ಜಗಲಿಯ ಮೇಲೆ ಆದಿನಾರಾಯಣಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ಇತ್ತ ನೋಡಿದರು. ಕೊಟ್ಟಿಗೆಯೊಳಗೆ ಬಾಚಿಯ ಸದ್ದು ನಿಂತಿತು. ಬೈಲಪ್ಪ ಯಜಮಾನರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು.

"ಮುನಿವೆಂಕಟಪ್ಪ" ಎಂದರು.

"ಮಿಕ್ಕಿದ್ದು?"

"ಕುಡೀತಿರ್ಲಿಲ್ಲ. ಹಗ್ಗ ಹಳೇದಾಗಿತ್ತು."

ಆದಿನಾರಾಯಣಪ್ಪ ಎಲೆಯಡಿಕೆ ಉಗಿದು, "ಹೊತ್ತಾಯ್ತು, ಇಳೀರಿ" ಎಂದಷ್ಟೇ ಹೇಳಿ ಒಳಗೆ ಹೋದರು. ನಾಳೆ ಈ ಇಬ್ಬರಿಗೂ ಇಲ್ಲಿ ಕೆಲಸ ಇರುತ್ತದೋ ಇಲ್ಲವೋ ನನಗೆ ತಿಳಿಯದು. ಜಾಲಿಯ ದಿಮ್ಮಿ ಇನ್ನೂ ಅರ್ಧ ಉಳಿದಿದೆ.

ಪಿಳ್ಳಮ್ಮ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುತ್ತಾ ನನ್ನ ಹತ್ತಿರ ಬಂದರು.

"ಬರ್ಕೊಂಡ್ರಾ?"

"ಬರೆದುಕೊಂಡೆ."

"ಓದಿ ಹೇಳಿ. ಅವತ್ತು ಯಾರೂ ಓದ್ಲಿಲ್ಲ."

ಓದುತ್ತೇನೆ. ಅವರು ತಲೆ ಬಗ್ಗಿಸಿ ಕೊನೆಯ ಅಕ್ಷರದವರೆಗೂ ಕೇಳುತ್ತಾರೆ. ಇನ್ನೊಂದು ಸಲ ಓದಿಸುತ್ತಾರೆ.

"ಸರಿಯಾಗೈತೆ" ಎಂದು ಗುಂಡಿಗೆ ಇಳಿಯುತ್ತಾರೆ.