ಗಾಳಿ ಬಡಿಯದ ಕಾರು

ಬೈಲಹೊಂಗಲದ ನಮ್ಮ ಎದುರುಮನೆಯವರು ತಮ್ಮ ಅಪ್ಪ ಕೊಂಡಿದ್ದ ಅಂಬಾಸಿಡರ್ ಕಾರನ್ನು ಪ್ರತಿ ಅಮಾವಾಸ್ಯೆಗೆ ತೊಳೆದು ಪೂಜಿಸುತ್ತಿದ್ದರು. ಆಮೇಲೆ ನೀರು ಆರುವ ಮೊದಲೇ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಓಣಿಯಲ್ಲಿ ಯಾರು ಕೇಳಿದರೂ ಒಂದೇ ಮಾತು: "ಬಾಣಂತಿ ಇದ್ದಂಗ್ರಿ ಇದು. ಗಾಳಿ ಬಡದ್ರ ಜಂಗ ಹಿಡಿತೈತಿ."

ಹೆರಿಗೆಗೆ ಬಂದಿದ್ದ ಅವರ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತರುವ ದಿನ ಜೋರು ಮಳೆ. ಕಾರು ತೆಗೆಯಿರೆಂದು ನಾನೇ ಹೇಳಿದೆ.

"ಇಂಥಾ ಮಳ್ಯಾಗ? ಬಾಣಂತಿ ಐತ್ರಿ ಅದು!" ಎಂದರು. ಬಾಣಂತಿ ಎಂದದ್ದು ಮಗಳಿಗಲ್ಲ, ಕಾರಿಗೆ.

ಮಗಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬದಿ ತೆರೆದ ಆಟೋದಲ್ಲಿ ತೊಯ್ಸಿಕೊಂಡು ಬಂದಳು.

ಮೊನ್ನೆ ಆ ಕೂಸಿನ ಜವಳ ತೆಗೆಸಲು ಸವದತ್ತಿಗೆ ಹೊರಟಾಗ ತಾಡಪತ್ರಿ ಬಿಚ್ಚಿದರು. ಮೇಲೆ ಬಣ್ಣ ಹೊಳೆಯುತ್ತಿತ್ತು. ಮಗಳು ಬಾಗಿಲು ಎಳೆದಳು. ಕೆಳಗಿನ ತಗಡು ಹಪ್ಪಳದಂತೆ ಮುರಿದು ಬಿತ್ತು. ವರ್ಷಗಟ್ಟಲೆ ಒಳಗೇ ಕೂತ ಹಸಿ ಅದನ್ನು ತುಕ್ಕು ಹಿಡಿಸಿ ತಿಂದು ಮುಗಿಸಿತ್ತು.

"ಅಪ್ಪಾ, ಗಾಳಿ ನನಗ ಬಡೀತು, ಜಂಗ ಇದಕ್ಕ ಹಿಡೀತು," ಎಂದಳು.

ಅವರು ಅವಳ ಮುಖ ನೋಡಲಿಲ್ಲ. "ಸರಿ ಅತ್ಲಾಗ, ಗಾಳಿ ಬಡಿಯಾಕತ್ತೇತಿ," ಎನ್ನುತ್ತ ತಾಡಪತ್ರಿ ಎಳೆದು ಮತ್ತೆ ಹಗ್ಗ ಬಿಗಿದರು.